ಹದಿನಾರು ಕೆರೆಯ ಹೆಬ್ಬಾತು, ನಿದ್ದೆ ಹೋದ ರೇಷ್ಮೆ ಮೊಟ್ಟೆ

ಚಳಿಗಾಲ ಶುರುವಾಯ್ತು ಅಂದ್ರೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ನೆಂಟರು ಬರುತ್ತಾರೆ. ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹಕ್ಕಿಗಳು ಹಿಮಾಲಯ ದಾಟಿ ಮೈಸೂರು ಭಾಗದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ವಾರಾಂತ್ಯದಲ್ಲಿ ಬೆಂಗಳೂರಿನಿಂದ ಕ್ಯಾಮೆರಾ ಹಿಡಿದು ಬರುವವರಿಗೆ ಹದಿನಾರು ಅಂದ್ರೆ ಈ ಕೆರೆ. ಇತಿಹಾಸ ಓದುವವರಿಗೆ ಮಾತ್ರ ಅದು ಒಡೆಯರ ವಂಶದ ಮೂಲಕಥೆಯ ಊರು. ಯದುರಾಯರು 1399ರಲ್ಲಿ ಇಲ್ಲಿನ ಪಾಳೆಯಗಾರನ ಮಗಳ ಕೈಹಿಡಿದು ರಾಜ್ಯ ಶುರುಮಾಡಿದರು ಅನ್ನೋದು ಪರಂಪರೆಯ ಮಾತು.

ಇವತ್ತಿನ ಅಂಕಣ ಹಕ್ಕಿಯದ್ದೂ ಅಲ್ಲ, ರಾಜರದ್ದೂ ಅಲ್ಲ. ಆದರೆ ಹೆಬ್ಬಾತಿನ ಒಂದು ಪ್ರಶ್ನೆಯಿಂದಲೇ ಶುರುಮಾಡೋಣ: ಕೊರೆಯುವ ಚಳಿ ಬಂದರೆ ಒಂದು ಜೀವಿ ಏನು ಮಾಡಬೇಕು?

ಹೆಬ್ಬಾತು ಹಾರಿಬಂತು. ಹಾರಲಾಗದ ಜೀವಿಗಳಿಗೆ ಇನ್ನೊಂದು ದಾರಿ ಇದೆ, ನಿಂತುಬಿಡೋದು. ಚಳಿದೇಶದ ರೇಷ್ಮೆಹುಳು ಮಾಡೋದು ಅದನ್ನೇ. ಅದರ ಮೊಟ್ಟೆಯೊಳಗಿನ ಭ್ರೂಣ ಒಂದು ಹಂತದವರೆಗೆ ಬೆಳೆದು ಸುಮ್ಮನಾಗುತ್ತದೆ. ಕಾಲು ಬಂದಿಲ್ಲ, ಕರುಳು ಬಂದಿಲ್ಲ, ನೂಲು ಸುರಿಸುವ ಗ್ರಂಥಿ ಬಂದಿಲ್ಲ. ಚಳಿಗಾಲ ಬಂದು ಹೋಗುವವರೆಗೂ ಹಾಗೇ ಕಾಯುತ್ತದೆ.

ಸಮಸ್ಯೆ ಏನು ಗೊತ್ತಾ? ನಂಜನಗೂಡಿಗೆ, ತಿರುಮಕೂಡಲು ನರಸೀಪುರಕ್ಕೆ ಅಂಥ ಚಳಿಗಾಲ ಬರೋದೇ ಇಲ್ಲ.

ಎರಡು ಜಾತಿ ಹುಳು, ಎರಡು ಸ್ವಭಾವ

ಮೈಸೂರು ಸೀಮೆಗೆ ರೇಷ್ಮೆ ಕೃಷಿ ಬಂದದ್ದು 18ನೇ ಶತಮಾನದ ಕೊನೆಯಲ್ಲಿ. ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿದ. ಇಲ್ಲಿ ನೆಲೆನಿಂತದ್ದು ‘ಮೈಸೂರು ತಳಿ’. ಇದರ ಮೊಟ್ಟೆಗೆ ನಿದ್ದೆ ಅನ್ನೋದೇ ಇಲ್ಲ. ಇಟ್ಟ ಹತ್ತು ದಿನಕ್ಕೆಲ್ಲ ಮರಿ ಹೊರಗೆ. ವರ್ಷಕ್ಕೆ ಐದಾರು ಪೀಳಿಗೆ ಆರಾಮಾಗಿ ಆಗುತ್ತದೆ. ಅದಕ್ಕೇ ‘ಬಹುತಳಿ’ ಅಂತಾರೆ. ಬಿಸಿಲು ತಡೆಯುತ್ತದೆ, ರೋಗ ತಡೆಯುತ್ತದೆ. ಆದರೆ ಗೂಡು ಸಣ್ಣದು. ಒಂದು ಗೂಡು ಬಿಚ್ಚಿದರೆ ಸಿಗುವ ಎಳೆ ಸುಮಾರು 350-400 ಮೀಟರ್.

ಇನ್ನೊಂದು ಕಡೆ ಜಪಾನ್, ಚೀನಾ ಮೂಲದ ‘ದ್ವಿತಳಿ’. ಬಿಳಿ ಗೂಡು. ಒಂದೊಂದರಲ್ಲೂ ಸುಮಾರು ಒಂದು ಕಿಲೋಮೀಟರ್ ಎಳೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ, 1961ರಲ್ಲಿ ಶುರುವಾದದ್ದು, 1990ರ ದಶಕದಲ್ಲಿ ಜಪಾನಿನ ನೆರವಿನೊಂದಿಗೆ ನಮ್ಮ ಹವೆಗೆ ಒಗ್ಗುವ ದ್ವಿತಳಿಗಳನ್ನು ರೂಪಿಸಿತು. ರೈತರ ಬಾಯಲ್ಲಿ ಸಿಎಸ್ಆರ್2, ಸಿಎಸ್ಆರ್4 ಅಂತ ಕೇಳಿಸೋ ಹೆಸರುಗಳು ಇವೇ. ಎಲ್ಲ ಚೆನ್ನಾಗಿದೆ, ಒಂದೇ ಒಂದು ಕೊರತೆ. ಮೊಟ್ಟೆಗೆ ಪೂರ್ವಜರ ನೆನಪು ಹೋಗಿಲ್ಲ. ಇಟ್ಟ ಒಂದೆರಡು ದಿನಕ್ಕೆ ತಿಳಿ ಹಳದಿಯಿಂದ ಗಾಢ ಕಂದು ಬಣ್ಣಕ್ಕೆ ತಿರುಗಿ, ಭ್ರೂಣ ನಿದ್ದೆಗೆ ಜಾರುತ್ತದೆ. ನಮ್ಮೂರ ಸೆಕೆಯಲ್ಲಿ ಬರೀ ಹಾಗೇ ಇಟ್ಟರೆ ತಿಂಗಳು ಕಳೆದರೂ ಸರಿಯಾಗಿ ಒಡೆಯೋದಿಲ್ಲ. ಅಲ್ಲೊಂದು ಇಲ್ಲೊಂದು ಒಡೆದರೂ ಪ್ರಯೋಜನವಿಲ್ಲ.

ಯಾಕೆ ಪ್ರಯೋಜನವಿಲ್ಲ ಅನ್ನೋದು ಹುಳು ಸಾಕಿದ ಮನೆಯವರಿಗೆ ಹೇಳಬೇಕಿಲ್ಲ. ಉಳಿದವರಿಗೆ ಹೇಳ್ತೀನಿ. ನೂರು ರೋಗರಹಿತ ಮೊಟ್ಟೆಚೀಟಿ ಅಂದರೆ ಸುಮಾರು 45-50 ಸಾವಿರ ಹುಳು. ಅವೆಲ್ಲ ಒಂದೇ ದಿನ ಹುಟ್ಟಬೇಕು, ಒಂದೇ ದಿನ ಮೊದಲ ಜ್ವರಕ್ಕೆ ಕೂರಬೇಕು, ಒಂದೇ ದಿನ ಹಣ್ಣಾಗಬೇಕು. (ಜ್ವರ ಅಂದರೆ ಕಾಯಿಲೆಯಲ್ಲ, ಹುಳು ಪೊರೆ ಬಿಡುವ ಹೊತ್ತು.) ಅರ್ಧ ಹುಳು ಜ್ವರಕ್ಕೆ ಕೂತು, ಅರ್ಧ ಸೊಪ್ಪು ಮೇಯುತ್ತಿದ್ದರೆ ಕೂತವಕ್ಕೆ ಸೊಪ್ಪು ಭಾರ, ಮೇಯುವವಕ್ಕೆ ಹಸಿವು. ರೋಗ ಹೊಕ್ಕರೆ ಹಾಲುತೊಂಡೆ, ಸಪ್ಪೆ ಅಂತ ಒಂದೊಂದಾಗಿ ಶುರು. ಹಿಪ್ಪುನೇರಳೆ ತೋಟದ ನೀರು, ಗೊಬ್ಬರ, ಆಳುಗಳ ಕೂಲಿ ಎಲ್ಲ ಮೊದಲೇ ಖರ್ಚಾಗಿರುತ್ತದೆ. ಬೆಳೆ ನಿಂತಿರೋದು ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ದೊಡ್ಡದಾದ ಮೊಟ್ಟೆ ಹೇಳಿದ ದಿನಕ್ಕೆ ಒಡೆಯುತ್ತದೋ ಇಲ್ಲವೋ ಅನ್ನೋದರ ಮೇಲೆ.

ನಿದ್ದೆ ಯಾರ ತೀರ್ಮಾನ?

ಇಲ್ಲಿಂದ ಕಥೆ ನಿಜವಾಗಿಯೂ ಸ್ವಾರಸ್ಯ. ಮೊಟ್ಟೆ ಮಲಗಬೇಕೋ ಬೇಡವೋ ಅನ್ನೋದನ್ನು ಮೊಟ್ಟೆ ತೀರ್ಮಾನ ಮಾಡೋದಿಲ್ಲ. ಅಪ್ಪನೂ ಮಾಡೋದಿಲ್ಲ. ಅಮ್ಮ ಮಾಡುತ್ತಾಳೆ.

ತಾಯಿ ಕೋಶಾವಸ್ಥೆಯಲ್ಲಿ, ಅಂದರೆ ಗೂಡಿನೊಳಗೆ ಚಿಟ್ಟೆಯಾಗುತ್ತಿರುವಾಗ, ಅವಳ ಗಂಟಲ ಕೆಳಗಿನ ಒಂದು ನರಗಂಟಿನಿಂದ ಪುಟ್ಟ ಹಾರ್ಮೋನ್ ಹೊರಡುತ್ತದೆ. ಬರೀ 24 ಅಮೈನೋ ಆಮ್ಲಗಳ ಸರಪಳಿ. ಅದು ಬೆಳೆಯುತ್ತಿರುವ ಅಂಡಗಳಿಗೆ ತಲುಪಿದರೆ, ಆ ಅಂಡದಿಂದ ಬರುವ ಭ್ರೂಣ ಮಲಗುತ್ತದೆ. ತಲುಪದಿದ್ದರೆ ಇಲ್ಲ. 1950ರ ಆಸುಪಾಸಿನಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಕಂಡುಕೊಂಡರು.

ಇನ್ನೂ ಹಿಂದಕ್ಕೆ ಹೋಗೋಣ. ಆ ತಾಯಿ ಹಾರ್ಮೋನ್ ಬಿಡಬೇಕೋ ಬೇಡವೋ ಅನ್ನೋದು ಯಾವಾಗ ನಿರ್ಧಾರವಾಯ್ತು? ಅವಳೇ ಮೊಟ್ಟೆಯೊಳಗೆ ಇದ್ದಾಗ! ದ್ವಿತಳಿಯ ಮೊಟ್ಟೆಯನ್ನು ಸುಮಾರು 25 ಡಿಗ್ರಿಯ ಬೆಚ್ಚಗಿನ ಬೆಳಕಿನಲ್ಲಿ ಬೆಳೆಸಿದರೆ, ಅದರಿಂದ ಹುಟ್ಟಿದ ಹೆಣ್ಣು ಮುಂದೆ ಮಲಗುವ ಮೊಟ್ಟೆ ಇಡುತ್ತದೆ. 15 ಡಿಗ್ರಿಯ ತಂಪಿನ ಕತ್ತಲಲ್ಲಿ ಬೆಳೆಸಿದರೆ, ಮಲಗದ ಮೊಟ್ಟೆ. ತಂಪು ಅಂದರೆ ವಸಂತ, ಇನ್ನೊಂದು ಪೀಳಿಗೆಗೆ ಸಮಯವಿದೆ. ಬೆಚ್ಚಗೆ ಅಂದರೆ ಬೇಸಿಗೆ, ಮುಂದೆ ಚಳಿ ಕಾದಿದೆ ಅನ್ನೋ ಲೆಕ್ಕ. ಒಂದು ಭ್ರೂಣ ಅನುಭವಿಸಿದ ಹವೆ, ಅದರ ಮಕ್ಕಳ ನಿದ್ದೆಯಾಗಿ ಹೊರಬರುತ್ತದೆ.

ಈ ‘ತಾಯಿ ತೀರ್ಮಾನ’ದ ಲಾಭವನ್ನು ನಮ್ಮ ರೇಷ್ಮೆ ಕೃಷಿ ಬಹಳ ಕಾಲದಿಂದ ಪಡೆದುಕೊಂಡಿದೆ. ಮಿಶ್ರತಳಿ ಮೊಟ್ಟೆ ತಯಾರಿಸುವಾಗ ಮೈಸೂರು ತಳಿಯದ್ದೇ ಹೆಣ್ಣು, ದ್ವಿತಳಿಯದ್ದು ಗಂಡು. ತಿರುಗಾಮುರುಗಾ ಮಾಡೋದಿಲ್ಲ. ಯಾಕಂದ್ರೆ ಅಮ್ಮ ಮೈಸೂರಿನವಳಾದರೆ ಮೊಟ್ಟೆ ಮಲಗೋದಿಲ್ಲ, ಅಪ್ಪ ಎಲ್ಲಿಯವನಾದರೂ ಸರಿ. ಮಗುವಿಗೆ ಅಪ್ಪನ ಕಡೆಯಿಂದ ಒಳ್ಳೆಯ ಗೂಡು, ಅಮ್ಮನ ಕಡೆಯಿಂದ ಬಿಸಿಲು ತಡೆಯುವ ಗುಣ ಮತ್ತು ಎಚ್ಚರ. ಇದಕ್ಕಿಂತ ಒಳ್ಳೆಯ ಸಂಬಂಧ ಯಾವ ಮ್ಯಾಟ್ರಿಮೊನಿ ಆ್ಯಪ್ ಹುಡುಕಿಕೊಟ್ಟೀತು!

ಆಮ್ಲದ ಸ್ನಾನ

ಶುದ್ಧ ದ್ವಿತಳಿಗೆ ಈ ಉಪಾಯ ಇಲ್ಲ. ಅಲ್ಲಿ ಅಮ್ಮನೂ ಚಳಿದೇಶದವಳೇ. ಹಾಗಾಗಿ ಬಿತ್ತನೆ ಕೋಠಿಗಳಲ್ಲಿ ಎರಡು ದಾರಿ ಹಿಡಿಯುತ್ತಾರೆ.

ಮೊದಲನೆಯದು, ಚಳಿಗಾಲವನ್ನು ಕೃತಕವಾಗಿ ಸೃಷ್ಟಿಸೋದು. ಮಲಗಿದ ಮೊಟ್ಟೆಯನ್ನು ಹಂತಹಂತವಾಗಿ ತಂಪು ಮಾಡಿ ಸುಮಾರು 5 ಡಿಗ್ರಿಯ ಶೀತಗೃಹದಲ್ಲಿ ತಿಂಗಳುಗಟ್ಟಲೆ ಇಡೋದು. ಹೊರಗೆ ತೆಗೆದಾಗ ಮೊಟ್ಟೆ ‘ಓಹೋ, ವಸಂತ ಬಂತು’ ಅಂತ ಎದ್ದೇಳುತ್ತದೆ.

ಎರಡನೆಯದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಮೊಟ್ಟೆ ಇಟ್ಟು 20-24 ಗಂಟೆಯಾದಾಗ, ಅದು ಇನ್ನೂ ಪೂರ್ತಿ ನಿದ್ದೆಗೆ ಜಾರುವ ಮುನ್ನ, ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದೋದು! ಆಮ್ಲದ ಸಾಪೇಕ್ಷ ಸಾಂದ್ರತೆ 1.075, ಶಾಖ 46 ಡಿಗ್ರಿ, ಹೊತ್ತು ಐದು ನಿಮಿಷದ ಆಸುಪಾಸು. ಆಮೇಲೆ ಆಮ್ಲದ ಅಂಶ ಹೋಗುವವರೆಗೂ ನೀರಲ್ಲಿ ತೊಳೆದು ಒಣಗಿಸೋದು. ಹೊತ್ತು ಕಡಿಮೆಯಾದರೆ ಮೊಟ್ಟೆ ಏಳೋದಿಲ್ಲ, ಹೆಚ್ಚಾದರೆ ಸತ್ತೇಹೋಗುತ್ತದೆ. ಸರಿಯಾಗಿ ಮಾಡಿದರೆ ಹತ್ತು-ಹನ್ನೊಂದು ದಿನಕ್ಕೆ ಚಾಕಿ ಸಿದ್ಧ.

ಆಮ್ಲದಲ್ಲಿ ಅದ್ದಿದರೆ ಭ್ರೂಣ ಯಾಕೆ ಎಚ್ಚರವಾಗಿರುತ್ತದೆ? ದಶಕಗಳ ಕಾಲ ಈ ವಿಧಾನ ಬಳಕೆಯಲ್ಲಿತ್ತು, ಒಳಗೆ ಏನು ನಡೆಯುತ್ತದೆ ಅನ್ನೋದು ಮಾತ್ರ ಮಸುಕಾಗಿತ್ತು. ಉತ್ತರದ ಒಂದು ದೊಡ್ಡ ತುಂಡು ಸಿಕ್ಕಿದ್ದು ಈ ಶತಮಾನದಲ್ಲಿ. ಅದರ ಹೆಸರು ಪ್ರೋಟೀನ್ ಕೈನೇಸ್.

ಕೈನೇಸ್ ಅಂದ್ರೆ ಏನಪ್ಪಾ?

ಜೀವಕೋಶದಲ್ಲಿ ಸಾವಿರಾರು ಪ್ರೋಟೀನ್‌ಗಳು ಇರುತ್ತವೆ. ಇದ್ದ ಮಾತ್ರಕ್ಕೆ ಅವು ಕೆಲಸ ಮಾಡುತ್ತಿವೆ ಅಂತಲ್ಲ. ಆಫೀಸಿಗೆ ಎಲ್ಲರೂ ಬಂದಿದ್ದಾರೆ, ಆದರೆ ಲಾಗಿನ್ ಆದವರು ಯಾರು ಅನ್ನೋದು ಬೇರೆ ಪ್ರಶ್ನೆ ಅಲ್ವಾ, ಹಾಗೆ. ಕೈನೇಸ್ ಅನ್ನೋದು ಇನ್ನೊಂದು ಪ್ರೋಟೀನಿಗೆ ಫಾಸ್ಫೇಟ್ ಅನ್ನೋ ಸಣ್ಣ ಚೂರನ್ನು ಅಂಟಿಸುವ ಪ್ರೋಟೀನ್. ಆ ಚೂರು ಅಂಟಿದ ಕೂಡಲೇ ಪ್ರೋಟೀನಿನ ಆಕಾರ ಬದಲಾಗುತ್ತದೆ. ಸುಮ್ಮನಿದ್ದದ್ದು ಕೆಲಸಕ್ಕಿಳಿಯುತ್ತದೆ, ಇಲ್ಲವೇ ಕೆಲಸ ಮಾಡುತ್ತಿದ್ದದ್ದು ನಿಲ್ಲುತ್ತದೆ. ಇನ್ನೊಂದು ಬಗೆಯ ಪ್ರೋಟೀನ್ ಬಂದು ಚೂರನ್ನು ಕಿತ್ತುಹಾಕಿದರೆ ಮತ್ತೆ ಮೊದಲಿನ ಸ್ಥಿತಿ. ಆನ್, ಆಫ್. ಈ ಸ್ವಿಚ್ಚನ್ನು 1950ರ ದಶಕದಲ್ಲಿ ಸ್ನಾಯುವಿನಲ್ಲಿ ಕಂಡುಹಿಡಿದ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಬಂತು. ಮನುಷ್ಯರ ವಂಶವಾಹಿಯಲ್ಲಿ ಇಂಥ ಐನೂರಕ್ಕೂ ಹೆಚ್ಚು ಕೈನೇಸ್‌ಗಳಿವೆ.

ಭ್ರೂಣದಲ್ಲಿ ಈ ಸ್ವಿಚ್ಚುಗಳ ಕೆಲಸ ಇನ್ನೂ ಸೂಕ್ಷ್ಮ. ಒಂದೇ ಜೀವಕೋಶದಿಂದ ಶುರುವಾದ ದೇಹದಲ್ಲಿ ಇಲ್ಲಿ ಹೃದಯ, ಅಲ್ಲಿ ಕರುಳು, ಇತ್ತ ನೂಲಿನ ಗ್ರಂಥಿ ಆಗಬೇಕಾದರೆ, ಯಾವ ಕೋಶದಲ್ಲಿ ಯಾವ ಕೈನೇಸ್ ಯಾವ ಹೊತ್ತಿಗೆ ಆನ್ ಆಗಬೇಕು ಅನ್ನೋದು ಮುಖ್ಯ. ಎಲ್ಲ ಕಡೆ ಎಲ್ಲವೂ ಒಟ್ಟಿಗೆ ಆನ್ ಆದರೆ ದೇಹವಾಗೋದಿಲ್ಲ, ಬರೀ ಕೋಶಗಳ ಗುಡ್ಡೆಯಾಗುತ್ತದೆ.

ಈಗ ರೇಷ್ಮೆ ಮೊಟ್ಟೆಗೆ ವಾಪಸ್ ಬನ್ನಿ. ನಿದ್ದೆಗೆ ಹೋಗುವಾಗ ಮೊಟ್ಟೆ ತನ್ನ ಗ್ಲೈಕೋಜನ್ ಸಂಗ್ರಹವನ್ನು ಸಾರ್ಬಿಟಾಲ್, ಗ್ಲಿಸರಾಲ್ ಆಗಿ ಬದಲಿಸಿಕೊಳ್ಳುತ್ತದೆ. (ಸಾರ್ಬಿಟಾಲ್ ಅಂದರೆ ಶುಗರ್‌ಫ್ರೀ ಚೂಯಿಂಗ್ ಗಮ್‌ನಲ್ಲಿ ಹಾಕ್ತಾರಲ್ಲ, ಅದೇ.) ಚಳಿಯಲ್ಲಿ ಇದು ಭ್ರೂಣವನ್ನು ಕಾಯುತ್ತದೆ. ಏಳುವಾಗ ಇದೆಲ್ಲ ಮತ್ತೆ ಗ್ಲೈಕೋಜನ್ ಆಗಬೇಕು. ಜೊತೆಗೆ ಇನ್ನೊಂದು ಕೆಲಸವಿದೆ. ಪೊರೆ ಬಿಡಿಸುವ ಎಕ್ಡೈಸೋನ್ ಬಳಗದ ಹಾರ್ಮೋನನ್ನು ತಾಯಿ ಮೊದಲೇ ಮೊಟ್ಟೆಯಲ್ಲಿ ಕಟ್ಟಿಟ್ಟಿರುತ್ತಾಳೆ, ಆದರೆ ಫಾಸ್ಫೇಟಿನ ಬೀಗ ಹಾಕಿ. ಬೀಗ ತೆಗೆದರೆ ಮಾತ್ರ ಭ್ರೂಣ ಮುಂದಕ್ಕೆ ಬೆಳೆಯುತ್ತದೆ.

ಜಪಾನಿನ ಸಂಶೋಧಕರು 2006ರಲ್ಲಿ ತೋರಿಸಿದ್ದು ಇದನ್ನು: ಸಾರ್ಬಿಟಾಲ್ ಮತ್ತು ಹಾರ್ಮೋನ್, ಎರಡರ ಲೆಕ್ಕವನ್ನೂ ನಿಯಂತ್ರಿಸುವ ಸ್ವಿಚ್ಚು ಇಆರ್‌ಕೆ ಅನ್ನೋ ಒಂದು ಕೈನೇಸ್. ತಿಂಗಳುಗಟ್ಟಲೆ 5 ಡಿಗ್ರಿಯಲ್ಲಿಟ್ಟ ಮೊಟ್ಟೆಯಲ್ಲಿ ಇಆರ್‌ಕೆಗೆ ಫಾಸ್ಫೇಟ್ ಅಂಟಿ ಅದು ಚುರುಕಾಗುತ್ತದೆ. ಆಮ್ಲದಲ್ಲಿ ಅದ್ದಿದ ಮೊಟ್ಟೆಯಲ್ಲೂ ಅದೇ ಆಗುತ್ತದೆ ಅಂತ ಮುಂದಿನ ಅಧ್ಯಯನಗಳು ಹೇಳಿದವು. ಅಂದರೆ ತಿಂಗಳುಗಳ ಚಳಿ ಮತ್ತು ಐದು ನಿಮಿಷದ ಆಮ್ಲ, ನೋಡೋಕೆ ಏನೇನೂ ಸಂಬಂಧವಿಲ್ಲದ ಎರಡು ದಾರಿಗಳು ಒಳಗೆ ಹೋಗಿ ಒಂದೇ ಸ್ವಿಚ್ಚು ಒತ್ತುತ್ತಿವೆ.

ಅದಾದ ಮೇಲೆ ಭ್ರೂಣದಲ್ಲಿ ಅಂಗಗಳು ಸಾಲಾಗಿ ಮೂಡುತ್ತವೆ. ಕಾಲು, ಉಸಿರುನಾಳ, ಕರುಳು. ಬಾಯಿಯ ಕೆಳಭಾಗದ ಚರ್ಮ ಒಳಕ್ಕೆ ಮಡಚಿಕೊಂಡು ಎರಡು ಕೊಳವೆಯಾಗುತ್ತದೆ. ಅದೇ ರೇಷ್ಮೆ ಗ್ರಂಥಿ. ಈ ಗ್ರಂಥಿಯಲ್ಲಿ ಎಷ್ಟು ಜೀವಕೋಶ ಇರಬೇಕು ಅನ್ನೋದು ಮೊಟ್ಟೆಯೊಳಗೇ ಮುಗಿದುಹೋಗುವ ಲೆಕ್ಕ. ಹೊರಗೆ ಬಂದ ಮೇಲೆ ಹುಳು ಇಪ್ಪತ್ತೈದು ದಿನ ಸೊಪ್ಪು ತಿಂದು ಹತ್ತು ಸಾವಿರ ಪಟ್ಟು ತೂಕವಾದರೂ ಅಲ್ಲಿ ಹೊಸ ಕೋಶ ಹುಟ್ಟೋದಿಲ್ಲ, ಇರುವ ಕೋಶಗಳೇ ಊದಿ ದೈತ್ಯವಾಗುತ್ತವೆ. ರೈತ ಹಾಕುವ ಸೊಪ್ಪು ಆ ಗ್ರಂಥಿಯನ್ನು ತುಂಬಿಸಬಹುದು. ಗ್ರಂಥಿಯ ಅಡಿಪಾಯ ಬೀಳೋದು ಮಾತ್ರ ಸಾಸಿವೆಗಿಂತ ಚಿಕ್ಕ ಮೊಟ್ಟೆಯಲ್ಲಿ.

ನಮ್ಮ ಹೊಟ್ಟೆಯ ಕೂಸಿಗೂ ಇದೇ ಸ್ವಿಚ್ಚು

ಇಆರ್‌ಕೆ ರೇಷ್ಮೆಹುಳುವಿನ ಸ್ವತ್ತಲ್ಲ. ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಮನುಷ್ಯ ಭ್ರೂಣದಲ್ಲಿ ಈ ಸಂಕೇತದ ದಾರಿ ಹದತಪ್ಪಿ ಜೋರಾದರೆ ನೂನನ್ ಸಿಂಡ್ರೋಮ್ ಬರಬಹುದು. ಹೃದಯದ ಕವಾಟದ ತೊಂದರೆ, ಗಿಡ್ಡ ಎತ್ತರ ಅದರ ಲಕ್ಷಣಗಳು. ಕಿಟ್ ಅನ್ನೋ ಕೈನೇಸ್ ದುರ್ಬಲವಾದರೆ, ಬೆನ್ನ ಕಡೆಯಿಂದ ಹೊರಟ ಬಣ್ಣದ ಕೋಶಗಳು ಹಣೆಯವರೆಗೆ ತಲುಪೋದೇ ಇಲ್ಲ. ಮಗು ಹುಟ್ಟುವಾಗಲೇ ಹಣೆಯ ಮೇಲೆ ಬಿಳಿ ಕೂದಲ ಗೊಂಚಲು ಇರುತ್ತದೆ. ರೆಟ್ ಅನ್ನೋ ಕೈನೇಸ್ ಕೈಕೊಟ್ಟರೆ ದೊಡ್ಡ ಕರುಳಿನ ಕೊನೆಗೆ ನರಕೋಶಗಳು ತಲುಪದೆ, ಹುಟ್ಟಿದ ಮಗುವಿಗೆ ಮಲವಿಸರ್ಜನೆ ಆಗೋದಿಲ್ಲ. ಇದಕ್ಕೆ ಶಸ್ತ್ರಚಿಕಿತ್ಸೆ ಇದೆ, ಬೇಗ ಗುರುತಿಸಬೇಕು ಅಷ್ಟೇ.

ಇದನ್ನೆಲ್ಲ ಬರೆಯೋಕೆ ಒಂದು ಕಾರಣವಿದೆ. ನಮ್ಮ ಕಡೆ ಮಗು ಸ್ವಲ್ಪ ಬೇರೆ ಥರ ಹುಟ್ಟಿದರೆ ಮೊದಲ ಪ್ರಶ್ನೆ ಬರೋದು ತಾಯಿಗೆ. “ಗ್ರಹಣದ ದಿನ ಹೊರಗೆ ಬಂದಿದ್ಯಾ?” “ಪಪ್ಪಾಯಿ ತಿಂದ್ಯಾ?” “ಚಾಕು ಹಿಡ್ಕೊಂಡಿದ್ಯಾ?” ಕಾರ್ಪೊರೇಟ್ ಕೆಲಸ ಮಾಡುವ, ಎಂಟೆಕ್ ಓದಿದ ಹುಡುಗಿಯರೂ ಬಾಣಂತಿ ಕೋಣೆಯಲ್ಲಿ ಈ ಪ್ರಶ್ನೆ ಕೇಳಿಸಿಕೊಂಡು ರಾತ್ರಿ ಅಳುತ್ತಾರೆ.

ಒಂದು ಉದಾಹರಣೆ ನೋಡಿ. ಎಲುಬಿನ ಬೆಳವಣಿಗೆಗೆ ಬ್ರೇಕ್ ಹಾಕುವ ಎಫ್‌ಜಿಎಫ್‌ಆರ್3 ಅನ್ನೋ ಕೈನೇಸ್ ಇದೆ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಬ್ರೇಕ್ ಬಿಗಿಯಾಗಿ, ಕೈಕಾಲು ಗಿಡ್ಡವಾಗುವ ಅಕಾಂಡ್ರೋಪ್ಲೇಸಿಯಾ ಬರುತ್ತದೆ. ಇಂಥ ಮಕ್ಕಳಲ್ಲಿ ಸುಮಾರು ಶೇ 80ರಷ್ಟು ಮಂದಿ ಸಾಮಾನ್ಯ ಎತ್ತರದ ತಂದೆತಾಯಿಗೇ ಹುಟ್ಟುತ್ತಾರೆ. ಅಂದರೆ ಬದಲಾವಣೆ ಹೊಸದಾಗಿ ಆದದ್ದು. ಆ ಹೊಸ ಬದಲಾವಣೆ ಹೆಚ್ಚುಕಡಿಮೆ ಯಾವಾಗಲೂ ಬರೋದು ತಂದೆಯ ಕಡೆಯಿಂದ, ಅದರ ಸಾಧ್ಯತೆ ಏರೋದು ತಂದೆಯ ವಯಸ್ಸಿನ ಜೊತೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ತಾಯಿ ಹಿಡಿದ ಚಾಕುವಿಗೂ ಇಲ್ಲ. ಹಾಗಂತ ಈಗ ತಂದೆಯನ್ನು ಕಟಕಟೆಗೆ ನಿಲ್ಲಿಸಿ ಅಂತಲೂ ಅಲ್ಲ. ಕೋಟಿಗಟ್ಟಲೆ ಸಲ ನಕಲಾಗುವ ಪುಸ್ತಕದಲ್ಲಿ ಒಂದು ಅಕ್ಷರ ತಪ್ಪಿದೆ, ಯಾರೂ ಬೇಕೆಂದು ಮಾಡಿದ್ದಲ್ಲ.

ರೇಷ್ಮೆ ತಾಯಿಯನ್ನೇ ನೋಡಿ. ಮಗುವಿನ ನಿದ್ದೆ ಅವಳ ತೀರ್ಮಾನ ಅಂದೆವು. ಆದರೆ ಆ ತೀರ್ಮಾನ ಬಂದದ್ದು ಅವಳು ಇನ್ನೂ ಭ್ರೂಣವಾಗಿದ್ದಾಗ ಹೊರಗಿದ್ದ ಹವೆಯಿಂದ. ಅವಳನ್ನು ದೂರುವುದಾದರೆ ಆ ದಿನದ ಥರ್ಮಾಮೀಟರನ್ನು ದೂರಬೇಕು!

ಇನ್ನೊಂದು ಕೆಲಸಕ್ಕೆ ಬರುವ ಮಾತು. ಕೈನೇಸ್‌ಗಳು ವಯಸ್ಕರಲ್ಲಿ ತಪ್ಪು ಜಾಗದಲ್ಲಿ ಆನ್ ಆದರೆ ಕ್ಯಾನ್ಸರ್ ಆಗಬಹುದು. ಅದನ್ನು ಆಫ್ ಮಾಡುವ ಮಾತ್ರೆಗಳು ಬಂದಿವೆ. ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಕೊಡುವ ಇಮ್ಯಾಟಿನಿಬ್ ಅಂಥದ್ದು. 2013ರ ಏಪ್ರಿಲ್‌ನಲ್ಲಿ ಇದರ ಪೇಟೆಂಟ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ದೊಡ್ಡ ಸುದ್ದಿಯಾಗಿತ್ತು. ಎಷ್ಟೋ ಜನ ಈ ಮಾತ್ರೆ ನುಂಗಿ ದಶಕಗಳಿಂದ ಕೆಲಸಕ್ಕೆ ಹೋಗುತ್ತಿದ್ದಾರೆ. ಆದರೆ ಮಾತ್ರೆಗೆ ಕ್ಯಾನ್ಸರ್ ಕೋಶದ ಸ್ವಿಚ್ಚು ಯಾವುದು, ಭ್ರೂಣದ ಸ್ವಿಚ್ಚು ಯಾವುದು ಅಂತ ಪೂರ್ತಿ ಗೊತ್ತಾಗೋದಿಲ್ಲ. ಹಾಗಾಗಿ ಇಂಥ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳು ಗರ್ಭಿಣಿಯಾಗುವ ಯೋಚನೆ ಇದ್ದರೆ ಮೊದಲೇ ವೈದ್ಯರ ಹತ್ತಿರ ಮಾತಾಡಬೇಕು. ಗೂಗಲ್ ನೋಡಿ ತಾವೇ ನಿಲ್ಲಿಸೋದೂ ಬೇಡ, ಮುಚ್ಚಿಟ್ಟು ಮುಂದುವರಿಸೋದೂ ಬೇಡ.

ಸೀರೆಯ ಹಿಂದಿನ ಹತ್ತು ದಿನ

ಮೈಸೂರು ಸಿಲ್ಕ್ ಸೀರೆಗೆ ಬೆಳಗಿನ ಜಾವದಿಂದ ಸಾಲು ನಿಲ್ಲುವ ವಿಡಿಯೊ ನೀವೂ ನೋಡಿರ್ತೀರಿ. 1912ರಲ್ಲಿ ಶುರುವಾದ ಮೈಸೂರಿನ ಕಾರ್ಖಾನೆಯಲ್ಲಿ ಸೀರೆ ನೇಯುತ್ತಾರೆ. ಅದಕ್ಕೆ ಬೇಕಾದ ನೂಲು ಬಿಚ್ಚುವ ಸರ್ಕಾರಿ ಫಿಲೇಚರ್ ಇರೋದು ತಿ. ನರಸೀಪುರದಲ್ಲಿ, ಹದಿನಾರಿನಿಂದ ಹೆಚ್ಚು ದೂರವಿಲ್ಲ. ಸೀರೆಯ ಅಂಚು, ಜರಿ, ಬೆಲೆಯ ಬಗ್ಗೆ ಎಲ್ಲರೂ ಮಾತಾಡ್ತಾರೆ. ಆ ನೂಲು ಮೊದಲು ಒಂದು ಮೊಟ್ಟೆಯೊಳಗೆ, ಇನ್ನೂ ಬಾಯಿಯೇ ಮೂಡದ ಭ್ರೂಣದಲ್ಲಿ ನಿಗದಿಯಾಗಿತ್ತು ಅನ್ನೋದು ಮಾತ್ರ ಸೀರೆಪೆಟ್ಟಿಗೆಯ ಮೇಲೆ ಬರೆದಿರೋದಿಲ್ಲ.

ಹುಳುಮನೆಯಲ್ಲಿ ಬೆಳೆದು ಈಗ ವೈಟ್‌ಫೀಲ್ಡಿನಲ್ಲೋ ಪುಣೆಯಲ್ಲೋ ಕೂತು ಇದನ್ನು ಓದುತ್ತಿರುವವರು ಬಹಳ ಜನ ಇದ್ದೀರಿ. “ನಮ್ಮಪ್ಪ ಬರೀ ಹುಳು ಸಾಕ್ತಿದ್ರು” ಅಂತ ಹೇಳೋವಾಗ ಆ ‘ಬರೀ’ ಬಿಟ್ಟುಬಿಡಿ. ಯಾವ ತಳಿ ತಾಯಿಯಾಗಬೇಕು, ಯಾವ ದಿನ ಮೊಟ್ಟೆಯ ಮೇಲೆ ಕಪ್ಪು ಚುಕ್ಕಿ ಕಾಣುತ್ತದೆ, ಎಲ್ಲ ಮರಿ ಒಟ್ಟಿಗೆ ಹೊರಬರಲು ಎಷ್ಟು ಹೊತ್ತು ಕತ್ತಲಲ್ಲಿ ಮುಚ್ಚಿಡಬೇಕು, ಯಾವ ಬೆಳಗ್ಗೆ ಬೆಳಕು ತೋರಿಸಬೇಕು, ಇದೆಲ್ಲ ಅವರಿಗೆ ಕೈನೇಸ್ ಅನ್ನೋ ಪದ ಕೇಳುವ ಮೊದಲೇ ಗೊತ್ತಿತ್ತು. ಪ್ರಯೋಗಾಲಯ ಆಮೇಲೆ ಬಂದು ಅದಕ್ಕೆ ಹೆಸರಿಟ್ಟಿತು.

ನಿಮ್ಮ ಮನೆಯ ಚಾಕಿ ದಿನದ ನೆನಪಿದ್ದರೆ ಬರೆದು ಕಳಿಸಿ. ಮೊಟ್ಟೆ ಸರಿಯಾಗಿ ಒಡೆಯದೆ ಬೆಳೆ ಹೋದ ವರ್ಷದ ಕಥೆಯಾದರೂ ಪರವಾಗಿಲ್ಲ, ಅಂಥವೇ ಹೆಚ್ಚು ಕಲಿಸುತ್ತವೆ.